ಸೋತು ಬೆಳೆಸುವ ವಿದ್ಯೆ

ಅಂತರ್ಜಾಲದಲ್ಲಿ ಬಾಸ್ಕೆಟ್‌ಬಾಲ್ ತಂಡವೊಂದರ ಯಜಮಾನಿಕೆ ನಡೆಸುವ ಆಟಗಳಲ್ಲಿ ಬಝರ್‌ಬೀಟರ್ ಎಂಬುದು ಹೆಸರಾದದ್ದು. ಇದರಲ್ಲಿ ಚೆಂಡನ್ನು ಮುಟ್ಟುವ ಪ್ರಮೇಯವೇ ಇಲ್ಲ. ಆಡುವವರೆಲ್ಲರೂ ಕಂಪ್ಯೂಟರಿನ ಲೆಕ್ಕದೊಳಗಿನ ಹುಡುಗರಾದುದರಿಂದ ಅವರನ್ನು ಕೊಳ್ಳುವುದು, ಮಾರುವುದು, ಸಂಬಳ ಕೊಡುವುದು ಮತ್ತು ಯಾರಿಗೂ ಕೇಳಿಸದಂತೆ ಬೈಯುವುದು ಮಾತ್ರ ಮ್ಯಾನೇಜರನ ಪಾಲಿಗೆ ಉಳಿಯುತ್ತದೆ. ಈ ಎಲ್ಲ ಕರ್ತವ್ಯಗಳಲ್ಲಿ ಅತ್ಯಂತ ದೀರ್ಘವೂ ಸಂತಾಪಕರವೂ ಆದದ್ದು ಎಳೆಯರ ತರಬೇತಿ.

ಪ್ರತಿ ಋತುವಿನ ಕೊನೆಗೆ ನಡೆಯುವ ಡ್ರಾಫ್ಟ್, ಅಂದರೆ ಹೊಸಬರ ಹಂಚಿಕೆಯಲ್ಲಿ, 18–19 ವರ್ಷದ ಹುಡುಗರು ತಂಡಗಳಿಗೆ ದೊರೆಯುತ್ತಾರೆ. ಪ್ರತಿಯೊಬ್ಬನ ಹಣೆಯಲ್ಲೂ ‘ಪೊಟೆನ್ಷಿಯಲ್’ ಎಂಬ ಬರಹವಿದ್ದು, ಆತ ಎಷ್ಟರ ಮಟ್ಟಿಗೆ ಬೆಳೆಯಬಲ್ಲನೆಂಬುದನ್ನು ಅದು ಮೊದಲೇ ಸಾರಿಬಿಡುತ್ತದೆ. ಈ ಶ್ರೇಣಿಯ ತುದಿಯಲ್ಲಿ ಸಾರ್ವಕಾಲಿಕ ಶ್ರೇಷ್ಠನಿದ್ದರೆ ಬುಡದಲ್ಲಿರುವವನು ‘ಅನೌನ್ಸರ್’, ಎಂದರೆ ಮೈದಾನಕ್ಕಿಂತ ಮೈಕಿನ ಮುಂದೆ ಶೋಭಿಸುವವನು. ವಿಧಿಯನ್ನು ನಂಬದ ಮ್ಯಾನೇಜರರೂ ಈ ಬರಹವನ್ನು ಮಾತ್ರ ಎರಡೆರಡು ಸಲ ಓದುತ್ತಾರೆ.

ತರಬೇತಿಯ ನಿಯಮವು ಕೇಳುವುದಕ್ಕೆ ಸರಳವಾಗಿದೆ. ವಾರಕ್ಕೊಂದು ಕೌಶಲವನ್ನು ಆರಿಸಬೇಕು. ಆ ಕೌಶಲಕ್ಕೆ ಗೊತ್ತುಪಡಿಸಿದ ಸ್ಥಾನದಲ್ಲಿ ಹುಡುಗನು ಆ ವಾರ 48 ನಿಮಿಷ, ಎಂದರೆ ಒಂದು ಪೂರ್ಣ ಪಂದ್ಯದಷ್ಟು ಕಾಲ, ಆಡಿದ್ದರೆ ಶುಕ್ರವಾರ ಅದರ ಪೂರ್ಣ ಫಲ ದೊರೆಯುತ್ತದೆ. ಈ 48 ನಿಮಿಷಗಳ ಆಸೆಯಿಂದ ಮ್ಯಾನೇಜರನು ಆರಂಭಿಕ ಆಟಗಾರ, ಬದಲಿ, ಮೀಸಲು ಎಂಬ ಮೂರು ಜಾಗಗಳಲ್ಲೂ ಒಂದೇ ಹೆಸರನ್ನು ತುಂಬುತ್ತಾನೆ. ಇಷ್ಟು ನಿರ್ಲಜ್ಜವಾದ ಸ್ವಜನಪಕ್ಷಪಾತವನ್ನು ಪಂಚಾಯತಿ ರಾಜಕಾರಣದಲ್ಲೂ ಕಾಣುವುದು ಕಷ್ಟ. ಆ ಬಳಿಕ ಆತನ ಪ್ರಾರ್ಥನೆ ಗೆಲುವಿಗಾಗಿ ಅಲ್ಲ, ಹುಡುಗನು ಆರು ಫೌಲ್ ಮಾಡಿ ಹೊರಬೀಳದಿರಲಿ ಎಂಬುದಕ್ಕಾಗಿ.

ನಿಜವಾದ ತೊಡಕು ಸ್ಥಾನದಲ್ಲಿದೆ. ಬುಟ್ಟಿಯ ಕೆಳಗೆ ನಿಂತು ರೀಬೌಂಡ್ ಹಿಡಿಯುವ ಸೆಂಟರ್ ಏಳಡಿ ಎತ್ತರದವನಾದರೆ ಬುಟ್ಟಿಯ ಬಳಿಯ ಆಟದ ಕೌಶಲಗಳನ್ನು ಬೇಗ ಕಲಿಯುತ್ತಾನೆ, ಆದರೆ ಪಾಸಿಂಗ್ ಮತ್ತು ಚೆಂಡಿನ ನಿಯಂತ್ರಣ ಅವನಿಗೆ ತಡವಾಗಿ ದಕ್ಕುತ್ತವೆ. ಪರಿಪೂರ್ಣ ಸೆಂಟರ್ ಆಗಲು ಅವೂ ಬೇಕೆನ್ನುವವರು ಅವನನ್ನು ಚೆಂಡು ಹಂಚುವ ಪಾಯಿಂಟ್ ಗಾರ್ಡ್‌ನ ಜಾಗದಲ್ಲಿ ಸಾಮಾನ್ಯವಾಗಿ ನಿಲ್ಲಿಸಬೇಕಾಗುತ್ತದೆ. ತೆಂಗಿನ ಮರಕ್ಕೆ ಕೋಲಾಟ ಕಲಿಸುವಂಥ ಈ ಪ್ರಯತ್ನದಲ್ಲಿ ಚೆಂಡು ಎದುರಾಳಿಯ ಕೈಗೆ ಪದೇಪದೇ ಸೇರುತ್ತದೆ, ತಂಡ ಸೋಲುತ್ತದೆ, ಆದರೂ ಮ್ಯಾನೇಜರನು ಶುಕ್ರವಾರದವರೆಗೆ ಪ್ರಸನ್ನಚಿತ್ತನಾಗಿಯೇ ಇರುತ್ತಾನೆ. ಶುಕ್ರವಾರ ಬಂದರೂ ಕೌಶಲದ ಅಂಕಿ ಬದಲಾಗದೇ ಇರಬಹುದು, ಏಕೆಂದರೆ ಬೆಳವಣಿಗೆ ದಶಾಂಶಗಳಲ್ಲಿ ನಡೆಯುತ್ತದೆ ಮತ್ತು ಆ ದಶಾಂಶಗಳನ್ನು ಆಟವು ಮ್ಯಾನೇಜರನ ಕಣ್ಣಿಗೆ ತೋರಿಸುವುದಿಲ್ಲ.

ಇಷ್ಟರ ಮೇಲೆ ಕಾಲವೂ ವೈರಿ. ಇಲ್ಲಿ ಒಂದು ಋತುವಿಗೆ 14 ವಾರ, ಪ್ರತಿ ಋತುವಿಗೂ ಆಟಗಾರನಿಗೆ ಒಂದು ವರ್ಷ. ಹೀಗಾಗಿ ಮ್ಯಾನೇಜರನು ಒಂದು ದೀಪಾವಳಿಯಿಂದ ಮತ್ತೊಂದಕ್ಕೆ ಬರುವಷ್ಟರಲ್ಲಿ ಹುಡುಗನು ಸುಮಾರು ನಾಲ್ಕು ವರ್ಷ ಬೆಳೆದು, ಕಲಿಯುವ ವೇಗ ಕುಗ್ಗಿಸಿಕೊಂಡು, 21ರೊಳಗಿನವರ ರಾಷ್ಟ್ರೀಯ ತಂಡದ ಅರ್ಹತೆಯನ್ನೂ ದಾಟಿರುತ್ತಾನೆ. ಹೊಸ ಋತುವಿನ ಆರಂಭದಲ್ಲಿ ಸಂಬಳ ಕೌಶಲಕ್ಕೆ ತಕ್ಕಂತೆ ಏರುತ್ತದೆ. ಹುಡುಗ ಎಷ್ಟು ಚೆನ್ನಾಗಿ ಕಲಿತನೋ ಅಷ್ಟೇ ಬೇಗ ಅವನನ್ನು ಸಾಕುವ ಶಕ್ತಿ ಗುರುವಿಗೆ ಇಲ್ಲವಾಗುತ್ತದೆ, ಕಡೆಗೆ ಹರಾಜಿಗಿಡುವುದೊಂದೇ ದಾರಿಯಾಗುತ್ತದೆ. ಅವನನ್ನು ಕೊಂಡವರು ಸೆಂಟರ್‌ನ ಜಾಗದಲ್ಲೇ ನಿಲ್ಲಿಸಿ, ಮುಂದಿನ ವಾರವೇ ಹಳೆಯ ಗುರುವಿನ ತಂಡವನ್ನು ಸೋಲಿಸುವುದೂ ಉಂಟು.

ಆದುದರಿಂದ ಹೊಸದಾಗಿ ಈ ವ್ಯವಸಾಯಕ್ಕೆ ಇಳಿಯುವವರು ಮೊದಲು ಹುಡುಗನ ವಯಸ್ಸನ್ನೂ ಎತ್ತರವನ್ನೂ ನೋಡಲಿ, ಬಳಿಕ ಪೊಟೆನ್ಷಿಯಲ್ ನೋಡಲಿ. ಹೆಸರು ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಅನೌನ್ಸರನೊಬ್ಬನಿಗೆ ಮೂರು ಋತುಗಳ ಪಾಸಿಂಗ್ ತರಬೇತಿಯನ್ನು ದಯವಿಟ್ಟು ಕೊಡಿಸದಿರಲಿ.