ಕೇಕ್ ಡಬರಿ ಮೀಮಾಂಸೆ: ಒಂದು ತ್ರಿಕ್ಷೇತ್ರ ಅಧ್ಯಯನ

ಕೇಕಿನ ಹಿಟ್ಟು ಹೆಚ್ಚಿದಾಗ ಡಬರಿ ಎಷ್ಟು ಹಿಗ್ಗಬೇಕು ಎಂಬ ವಿಷಯದಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿಯ ವಿದ್ವದ್ವಲಯದಲ್ಲಿ ಇನ್ನೂ ಒಮ್ಮತ ಮೂಡಿಲ್ಲ. ವಿದ್ವದ್ವಲಯ ಎಂದರೆ ಮೊಬೈಲನ್ನು ಸಕ್ಕರೆ ಡಬ್ಬಿಗೆ ಆನಿಸಿ ವಿಡಿಯೊ ನೋಡುತ್ತ, ಸೀಟಿ ತೆಗೆದ ಕುಕ್ಕರಿನ ತಳಕ್ಕೆ ಉಪ್ಪು ಹರವಿ ಕೇಕ್ ಬೇಯಿಸುವವರು. ಓವನ್ ಉಳ್ಳವರನ್ನು ಈ ಪ್ರಬಂಧ ದೂರದಿಂದಲೇ ಗೌರವಿಸುತ್ತದೆ.

ಪೂರ್ವಪಕ್ಷ ಹೀಗಿದೆ: "ಹಿಟ್ಟು ಡಬಲ್ ಆದ್ರ ಡಬರಿನೂ ಡಬಲ್ ಆಗಬೇಕಲ್ಲ? 6 ಇಂಚಿಂದು ಬಿಟ್ಟು 12 ಇಂಚಿಂದು ತಗೊಂಡ್ರಾತು." ಈ ಮತವನ್ನು ಖಂಡಿಸದೆ ಬಿಟ್ಟರೆ ಎಷ್ಟು ಹುಟ್ಟುಹಬ್ಬಗಳು ಕೆಟ್ಟಾವೋ! ವ್ಯಾಸ ಎರಡು ಪಟ್ಟಾದರೆ ತಳ ನಾಲ್ಕು ಪಟ್ಟಾಗುತ್ತದೆ. ಎರಡು ಪಟ್ಟು ಹಿಟ್ಟು ಅಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಂತೆ, ಕೊನೆ ಭಾಗ ಮುಟ್ಟುವಷ್ಟರಲ್ಲಿ ತೆಳ್ಳಗಾಗಿರುತ್ತದೆ. ಸಿಂಧನೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೇಕ್ ಅರ್ಧ ಎತ್ತರಕ್ಕೇ ನಿಂತು, ಹದ ಬರುವ ಮೊದಲೇ ಒಣಗುತ್ತದೆ.

ಮಳಖೇಡದ ಅಮೋಘವರ್ಷ ನೃಪತುಂಗನ ಕಾಲದ, 9ನೇ ಶತಮಾನದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ವೃತ್ತದ ಕ್ಷೇತ್ರಫಲಕ್ಕೆ ಎರಡು ದಾರಿ ತೋರಿದ್ದಾನೆ: ವ್ಯವಹಾರಕ್ಕೆ 3, ಸೂಕ್ಷ್ಮಕ್ಕೆ 10ರ ವರ್ಗಮೂಲ. ಯಾವುದು ಸರಿ ಎಂದು ಅಡುಗೆಮನೆಗಳು ಇಬ್ಭಾಗವಾಗುವ ಮೊದಲೇ ಹೇಳಿಬಿಡುತ್ತೇನೆ, ಜಗಳ ಬೇಡ. ಎರಡು ದುಂಡು ಡಬರಿಗಳನ್ನು ಹೋಲಿಸುವಾಗ ಆ ಸಂಖ್ಯೆ ಮೇಲೂ ಕೆಳಗೂ ಬಂದು ಹೊಡೆದುಹೋಗುತ್ತದೆ. ಉಳಿಯುವುದು ವ್ಯಾಸಗಳ ವರ್ಗ ಮಾತ್ರ. 6 ಇಂಚಿಗೆ 36, ಅದರ ಎರಡು ಪಟ್ಟು 72. ಎಂಟೂವರೆ ಇಂಚಿನ ಡಬರಿ ಸಾಕು. ದುಂಡು ಬಿಟ್ಟು ಚೌಕಕ್ಕೆ ಜಿಗಿಯುವವರಿಗೆ ಮಾತ್ರ ಪಂಥಭೇದ ತಪ್ಪಿದ್ದಲ್ಲ. 10ರ ವರ್ಗಮೂಲ ಹಿಡಿದರೆ 9 ಇಂಚಿನ ದುಂಡು ಟಿನ್ನಿನ ತಳ 64 ಚದರ ಇಂಚು, 8 ಇಂಚಿನ ಚೌಕದ್ದೂ ಅಷ್ಟೇ. 3 ಹಿಡಿದವರು ಲೆಕ್ಕದಲ್ಲೇ ಮೂರು ಚದರ ಇಂಚು ಕೇಕ್ ಕಳೆದುಕೊಳ್ಳುತ್ತಾರೆ.

ಲಿಂಗಸುಗೂರಿನದು ತೂಕದ ಪಂಥ. ತಾಲ್ಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇಟ್ಟುಕೊಂಡು ಇಂಚುಪಟ್ಟಿ ಹಿಡಿಯುವುದು ಅವರಿಗೆ ಅವಮಾನ. ಬೇಕರಿಯಲ್ಲಿ ಅರ್ಧ ಕೆಜಿ, ಒಂದು ಕೆಜಿ ಎಂದೇ ಕೇಳುತ್ತಾರೆ. ಕ್ರೀಮೂ ತೂಗುತ್ತದೆ ಎಂಬುದನ್ನು ಈ ಪಂಥ ಚರ್ಚೆಗೆ ಎತ್ತಿಕೊಳ್ಳುವುದಿಲ್ಲ.

ಇನ್ನು ಪ್ರಮಾಣ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಕಂಡ ಬಂಡೆಶಾಸನವನ್ನು ಇತಿಹಾಸಕಾರರು ಒಂದೇ ಕಾರಣಕ್ಕೆ ಕೊಂಡಾಡುತ್ತಾರೆ: ದೇವಾನಾಂಪ್ರಿಯನೇ ಅಶೋಕ ಎಂದು ಅದರಲ್ಲಿ ಹೆಸರು ಸಿಕ್ಕಿತು. ಹೆಸರು ಸಿಕ್ಕ ಸಂಭ್ರಮದಲ್ಲಿ ಕೊನೆಯ ಸಾಲುಗಳನ್ನು ಯಾರೂ ಅಡುಗೆಮನೆಯಿಂದ ಓದಲಿಲ್ಲ. ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು, ಇದು ಒಂದೂವರೆ ಪಟ್ಟು ಬೆಳೆಯುತ್ತದೆ ಎಂಬ ಅರ್ಥ ಅಲ್ಲಿದೆ. ಬೆಳೆಯುವುದು ಧರ್ಮ ಎಂಬುದು ಹಳೆಯ ವ್ಯಾಖ್ಯಾನ. ಸಣ್ಣ ಡಬರಿ, ದೊಡ್ಡ ಡಬರಿ, ಒಂದೂವರೆ ಪಟ್ಟು ಹಿಟ್ಟು! ಇದಕ್ಕಿಂತ ಸ್ಪಷ್ಟವಾಗಿ ಸಾಮ್ರಾಟ ಇನ್ನೇನು ಬರೆಸಬೇಕಿತ್ತು? ಲೆಕ್ಕವೂ ಕೂಡುತ್ತದೆ: 8 ಇಂಚಿನ 64ಕ್ಕೆ ಒಂದೂವರೆ ಪಟ್ಟು 96, 10 ಇಂಚಿನದು 100.

ಆದರೆ 10 ಇಂಚಿನ ಡಬರಿ 5 ಲೀಟರ್ ಕುಕ್ಕರಿಗೆ ಇಳಿಯುವುದಿಲ್ಲ. ಮೌರ್ಯರ ಕಾಲದಲ್ಲಿ ಕುಕ್ಕರ್ ಇರಲಿಲ್ಲವಾದ್ದರಿಂದ ಇದನ್ನು ಶಾಸನದ ದೋಷವೆನ್ನಲಾಗದು. ಸಿದ್ಧಾಂತ: 7 ಇಂಚಿನವು ಎರಡು. 49ಕ್ಕೆ 49 ಕೂಡಿ 98. ಒಂದಾದ ಮೇಲೆ ಒಂದು ಬೇಯಿಸಬೇಕು, ಅರ್ಧಕ್ಕಿಂತ ತುಸು ಮೇಲೆ ಮಾತ್ರ ತುಂಬಬೇಕು. ಎರಡನೆಯದರ ಹಿಟ್ಟಿಗೆ ಬೇಕಿಂಗ್ ಪೌಡರನ್ನು ಮೊದಲೇ ಬೆರೆಸಿಡಬಾರದು. ಸರದಿ ಬರುವಷ್ಟರಲ್ಲಿ ಗಾಳಿ ಹೊರಟುಹೋಗಿ ಕೇಕ್ ಉಬ್ಬುವುದಿಲ್ಲ.

ಈ ಕೊನೆಯ ಎಚ್ಚರಿಕೆಗೆ ಬಂಡೆಯಲ್ಲಿ ಆಧಾರ ಎಲ್ಲಿದೆ ಎಂದು ತೂಕದ ಪಂಥದವರು ಕೇಳುತ್ತಾರೆ. ಶಾಸನದ ಕೆಲವು ಅಕ್ಷರಗಳು ಸವೆದುಹೋಗಿವೆ. ಅಲ್ಲೇ ಇತ್ತು.