ತುಘಲಕ್ ಸಾಹೇಬರಿಗೆ: ಸೋಮವಾರ ಆರು ಮಂದಿ ಬರುತ್ತಿದ್ದಾರೆ

ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್ ಅವರ ಸನ್ನಿಧಾನಕ್ಕೆ,

ಇತ್ತ ಕ್ಷೇಮ. ಅತ್ತಣ ಕ್ಷೇಮ ವಿಚಾರಿಸುವ ಹಾಗಿಲ್ಲ. ತಾವು 1351ರಲ್ಲೇ ಸಿಂಧ್‌ನ ಥಟ್ಟಾ ಬಳಿ ದಂಡಿನ ನಡುವೆ ಕಾಯಿಲೆ ಬಿದ್ದು ತೀರಿಕೊಂಡಿರಿ. ಆದರೂ ಈ ಪತ್ರ ತಮ್ಮ ಹೆಸರಿಗೇ ಬರೆಯಬೇಕಾಗಿ ಬಂದಿದೆ. ಕಲಬುರಗಿಯ ಒಂದು ಕುಟುಂಬ ಡಿಸೆಂಬರ್ ಕೊನೆಯ ವಾರ ದೆಹಲಿ ನೋಡಲು ಹೊರಟಿದೆ. ಆ ಮನೆಯ ಪ್ಲ್ಯಾನು ಕೇಳಿದ ನೆಂಟರು, ನೆರೆಹೊರೆಯವರು ಎಲ್ಲರೂ ಒಂದೇ ಬಾಯಲ್ಲಿ ತಮ್ಮ ಹೆಸರು ತೆಗೆಯುತ್ತಿದ್ದಾರೆ.

ಕನ್ನಡಿಗರಿಗೆ ತಾವು ಹೊಸಬರಲ್ಲ. ಲಂಗುಲಗಾಮಿಲ್ಲದ ಕಾರುಬಾರು ಎಲ್ಲಿ ಕಂಡರೂ ಇಲ್ಲಿ ‘ತುಘಲಕ್ ದರ್ಬಾರು’ ಎನ್ನುತ್ತಾರೆ. ಗಿರೀಶ ಕಾರ್ನಾಡರು 1964ರಲ್ಲಿ ತಮ್ಮ ಮೇಲೆ ನಾಟಕ ಬರೆದರು, ಬಿ.ವಿ. ಕಾರಂತರು ಅದನ್ನು ಹಿಂದೂಸ್ತಾನಿಗೆ ತಂದರು, ಇಬ್ರಾಹಿಂ ಅಲ್ಕಾಜಿ ದೆಹಲಿಯ ಪುರಾನಾ ಕಿಲಾದ ಗೋಡೆಗಳ ನಡುವೆಯೇ ಆಡಿಸಿದರು. ಕಲಬುರಗಿಗಂತೂ ತಾವು ಒಂದು ಲೆಕ್ಕದಲ್ಲಿ ಮೂಲಪುರುಷರು. ದೌಲತಾಬಾದಿನಲ್ಲಿದ್ದ ತಮ್ಮ ಅಮೀರರು ತಮಗೇ ತಿರುಗಿಬಿದ್ದರು, 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು, ರಾಜಧಾನಿ ಕಲಬುರಗಿಗೆ ಬಂತು. ಆ ಕೋಟೆಯೂ ಅದರೊಳಗಿನ 1367ರ ಜಾಮಿ ಮಸೀದಿಯೂ ಇವತ್ತಿಗೂ ನಿಂತಿವೆ. ರಾಜಧಾನಿ ನೋಡಬೇಕೆಂದು ಹಟ ಹಿಡಿದಿರುವ ಈ ಕುಟುಂಬ ಆ ರಾಜಧಾನಿಯ ಕೋಟೆಯೊಳಗೆ ಕಾಲಿಟ್ಟಿಲ್ಲ. ಮನೆಯಿಂದ ಆಟೋದಲ್ಲಿ ಹೋಗಿಬರುವಷ್ಟು ದೂರ. ಅಷ್ಟು ದೂರಕ್ಕೆ ಎಲ್‌ಟಿಸಿ ಸಿಗುವುದಿಲ್ಲ.

ಎಲ್‌ಟಿಸಿ ಏನೆಂದು ತಮಗೆ ಬಿಡಿಸಿ ಹೇಳಬೇಕು. ಕೇಂದ್ರ ಸರ್ಕಾರದ ನೌಕರ ಮನೆಮಂದಿಯೊಂದಿಗೆ ದೇಶ ಸುತ್ತಲಿ ಎಂದು ಖಜಾನೆ ಕೊಡುವ ಪ್ರಯಾಣದ ಹಣ ಅದು. ಟಿಕೆಟ್ಟಿನ ದುಡ್ಡು ಮಾತ್ರ. ಲಾಡ್ಜು, ಊಟ, ಆಟೋ ಎಲ್ಲ ಸ್ವಂತ ಜೇಬಿನದು. ನಾಲ್ಕು ವರ್ಷಕ್ಕೊಂದು ಬ್ಲಾಕು. ಬ್ಲಾಕು ಮುಗಿಯುತ್ತ ಬಂದ ಹಾಗೆ ನೌಕರರ ಮನೆಗಳಲ್ಲಿ ದೇಶದ ಮೇಲಿನ ಪ್ರೀತಿ ಒಮ್ಮೆಲೇ ಉಕ್ಕುತ್ತದೆ. ಈ ಮನೆಯಲ್ಲಿ ಯಜಮಾನರು, ಅವರ ಹೆಂಡತಿ, ಮಗ, ಮಗಳು, ಅಜ್ಜಿ ಸೇರಿ ಐದು ಜನ. ಆರನೆಯವರು ಮಕ್ಕಳ ಸೋದರಮಾವ. ಅವರು ಎಲ್‌ಟಿಸಿಯಲ್ಲಿ ಬರುವುದಿಲ್ಲ, ದೆಹಲಿಗೆ ಮಾತ್ರ ಬರುತ್ತಾರೆ.

ಪ್ಲ್ಯಾನು ಎಕ್ಸೆಲ್ ಶೀಟಿನಲ್ಲಿದೆ. ಶುಕ್ರವಾರದಿಂದ ಸೋಮವಾರ ಸಂಜೆಯವರೆಗಿನ ಪ್ರತಿ ಹೆಜ್ಜೆಗೂ ಒಂದು ಮನೆ, ಮನೆಗೊಂದು ಬಣ್ಣ. ಇಂಡಿಯಾ ಗೇಟಿಗೆ ಇಪ್ಪತ್ತು ನಿಮಿಷ. ಹುಮಾಯೂನನ ಗೋರಿಗೆ ಮೂವತ್ತು. ಕುತುಬ್ ಮಿನಾರಿಗೆ ನಲವತ್ತು, ಅಲ್ಲಿಂದ ಹದಿನೈದು ಕಿಲೋಮೀಟರಿಗೂ ಹೆಚ್ಚು ದೂರದ ಚಾಂದನಿ ಚೌಕಕ್ಕೆ ಹದಿನೈದೇ ನಿಮಿಷ. ಇದನ್ನು ‘ದಿಲ್ಲಿ ಚಲೋ’ ಎಂಬ ವಾಟ್ಸಾಪ್ ಗುಂಪಿಗೆ ಹಾಕಿದಾಗ ಐದು ಹೆಬ್ಬೆರಳು ಬಂದವು. ಅಜ್ಜಿಗೆ ಮೊಬೈಲಿಲ್ಲವಾದ್ದರಿಂದ ಮೊಮ್ಮಗಳು ಓದಿ ಹೇಳಿದಳು. ಅಜ್ಜಿ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: “ಇದರಾಗ ನನ್ನ ಮೊಣಕಾಲು ಎಲ್ಲಿ ಬರದೀರಿ?”

ಸಾಹೇಬರೇ, ಇಲ್ಲಿ ತಮ್ಮ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. 1327ರ ಸುಮಾರಿಗೆ ದೆಹಲಿಯಿಂದ ದೇವಗಿರಿಗೆ, ಅಂದರೆ ದೌಲತಾಬಾದಿಗೆ, ರಾಜಧಾನಿ ಬದಲಿಸಿ ಜನರನ್ನು ಹೊರಡಿಸಿದಿರಲ್ಲ, ಆ ದಾರಿ ನಲವತ್ತು ದಿನದ್ದೆಂದು ಪ್ರವಾಸಿ ಇಬ್ನ್ ಬತೂತಾ ಬರೆದಿದ್ದಾನೆ. ಆದರೆ ದಾರಿಯ ಇಕ್ಕೆಲದಲ್ಲೂ ಮರಗಳಿದ್ದವು, ತೋಟದಲ್ಲಿ ನಡೆದ ಹಾಗಿತ್ತು ಎಂದೂ ಬರೆದಿದ್ದಾನೆ. ಕಲಬುರಗಿಯ ಪ್ಲ್ಯಾನಿನಲ್ಲಿ ನೆರಳಿಗೆ, ನೀರಿಗೆ, ಶೌಚಾಲಯಕ್ಕೆ ಒಂದು ಮನೆಯನ್ನೂ ಬಿಟ್ಟಿಲ್ಲ. ಕುರುಡನೊಬ್ಬನನ್ನು ದೆಹಲಿಯಿಂದ ಎಳೆದೊಯ್ದಾಗ ದೌಲತಾಬಾದಿಗೆ ಮುಟ್ಟಿದ್ದು ಅವನ ಕಾಲೊಂದೇ ಎಂಬ ಕಥೆಯೂ ಅದೇ ಬತೂತಾನದು. ಅವನು ದೆಹಲಿಗೆ ಬಂದದ್ದು ಆ ಗದ್ದಲವೆಲ್ಲ ಮುಗಿದು ವರ್ಷಗಳಾದ ಮೇಲೆ; ಬರೆದದ್ದು ಅವರಿವರ ಬಾಯಿಂದ ಕೇಳಿದ್ದನ್ನು. ಊರಿಗೆ ಊರನ್ನೇ ಎಬ್ಬಿಸಲಿಲ್ಲ, ಹೋದವರು ಹೆಚ್ಚಾಗಿ ಅಮೀರರು, ಉಲೇಮಾಗಳು, ಸೂಫಿಗಳು ಎಂದು ಈಗಿನ ಇತಿಹಾಸಕಾರರು ಹೇಳುತ್ತಾರೆ. ಕಲಬುರಗಿಯವರು ತಮಗಿಂತ ನಿಷ್ಠುರರು. ಅಜ್ಜಿಗೂ ವಿನಾಯಿತಿ ಇಲ್ಲ.

ರಾಜಧಾನಿ ಬದಲಿಸಿದವರು ತಾವೊಬ್ಬರೇ ಅಲ್ಲ ಎಂಬುದೂ ನಿಜ. ಶಹಜಹಾನ್ ಆಗ್ರಾದಿಂದ ದೆಹಲಿಗೆ ಬಂದ. 1639ರಲ್ಲಿ ಶುರುವಾದ ಕೆಂಪುಕೋಟೆ 1648ಕ್ಕೆ ಮುಗಿಯಿತು, ಜನ ಭೇಷ್ ಎಂದರು. ಐದನೇ ಜಾರ್ಜ್ 1911ರ ಡಿಸೆಂಬರಿನಲ್ಲಿ ದರ್ಬಾರು ನಡೆಸಿ ಕಲ್ಕತ್ತೆಯ ರಾಜಧಾನಿಯನ್ನು ದೆಹಲಿಗೆ ಕೊಟ್ಟ. ಲಟ್ಯೆನ್ಸ್, ಬೇಕರ್ ಇಬ್ಬರೂ ಸೇರಿ ಕಟ್ಟಿದ ಹೊಸ ನಗರದ ಉದ್ಘಾಟನೆ ಆಗುವಷ್ಟರಲ್ಲಿ 1931 ಬಂತು. ಜಾರ್ಜನಿಗೆ ಇಂಡಿಯಾ ಗೇಟಿನ ಬಳಿ ಛತ್ರಿ ಸಮೇತ ಪ್ರತಿಮೆಯೇ ಎದ್ದಿತು. ಪ್ರತಿಮೆ 1960ರ ದಶಕದಲ್ಲಿ ಜಾಗ ಖಾಲಿ ಮಾಡಿತು, ಛತ್ರಿಯ ಕೆಳಗೆ ಈಗ ನೇತಾಜಿ ಇದ್ದಾರೆ. ಅದೇ ಕೆಲಸಕ್ಕೆ ತಮಗೆ ಸಿಕ್ಕಿದ್ದು ಗಾದೆ.

ಪ್ಲ್ಯಾನಿನ ಮುಖ್ಯ ದೋಷಕ್ಕೆ ಬರೋಣ. ರೈಲು ಕರ್ನಾಟಕ ಎಕ್ಸ್‌ಪ್ರೆಸ್. ಗುರುವಾರ ಕಲಬುರಗಿಯಲ್ಲಿ ಹತ್ತಿದರೆ ಶುಕ್ರವಾರ ದೆಹಲಿ. ಟಿಕೆಟ್ಟು ಮೊದಲು 120 ದಿನ ಮುಂಚೆ ಸಿಗುತ್ತಿತ್ತು, 2024ರ ನವೆಂಬರಿನಿಂದ 60 ದಿನ. ಬೆಳಿಗ್ಗೆ ಎಂಟಕ್ಕೆ ಬುಕಿಂಗ್ ತೆರೆಯುವ ಹೊತ್ತಿಗೆ ಮನೆಯ ಮೂರು ಮೊಬೈಲುಗಳು ಸಜ್ಜಾಗಿ ಕೂತಿದ್ದವು. ರೈಲು ಮನ್ಮಾಡ್ ದಾಟುವಾಗ ತಮ್ಮ ದೌಲತಾಬಾದ್ ಬಲಗಡೆ ಎಲ್ಲೋ ಉಳಿದುಬಿಡುತ್ತದೆ, ಯಾರೂ ಕಿಟಕಿಯಾಚೆ ನೋಡುವುದಿಲ್ಲ. ಸೋದರಮಾವನಿಗೆ ಹೊಳೆದ ಉಪಾಯ ಬೇರೆ: “ಗಾಡಿ ಹೆಂಗೂ ಆಗ್ರಾ ಮ್ಯಾಲಿಂದೇ ಹೋಗ್ತದ, ಅಲ್ಲೇ ಇಳದು ತಾಜಮಹಲ ಮುಗಿಸಿಬಿಡೂಣು.” ಎಲ್ಲರೂ ಒಪ್ಪಿದರು. ತಾಜಮಹಲಿಗೆ ಶುಕ್ರವಾರ ಬಾಗಿಲು. ಮಗನ ಸಮಾಧಾನಕ್ಕೆ ಅದೇ ದಿನ ಮಧ್ಯಾಹ್ನ ದೆಹಲಿಯ ಮೃಗಾಲಯ ಇಟ್ಟಿದ್ದರು. ಅದಕ್ಕೂ ಶುಕ್ರವಾರವೇ ರಜೆ.

ಸೋಮವಾರದ ಕಥೆ ಇದಕ್ಕಿಂತ ದೊಡ್ಡದು. ಶನಿವಾರ, ಭಾನುವಾರ ಗದ್ದಲವಿರುತ್ತದೆ, ದೊಡ್ಡ ದೊಡ್ಡ ಜಾಗಗಳನ್ನೆಲ್ಲ ಸೋಮವಾರ ಆರಾಮಾಗಿ ನೋಡೋಣ ಎಂಬುದು ಯಜಮಾನರ ಚಾಣಾಕ್ಷತನ. ಕೆಂಪುಕೋಟೆ ಸೋಮವಾರ ಮುಚ್ಚಿರುತ್ತದೆ. ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಮುಚ್ಚಿರುತ್ತದೆ. ಮೊಹೆಂಜೊದಾರೊದ ಕಂಚಿನ ನರ್ತಕಿ, ಎತ್ತರ ಹತ್ತೂವರೆ ಸೆಂಟಿಮೀಟರು, ಸೊಂಟದ ಮೇಲೆ ಕೈಯಿಟ್ಟು ಒಳಗೇ ನಿಂತಿರುತ್ತಾಳೆ. ಅಕ್ಷರಧಾಮ, ಕಮಲ ಮಂದಿರ ಎರಡೂ ಇಲ್ಲ. ಮಗ ಹಗಲಿರುಳು ಜಪಿಸುತ್ತಿದ್ದ ರೈಲು ಮ್ಯೂಸಿಯಮ್ಮೂ ಇಲ್ಲ. ಹೋಗಲಿ, ಮಗಳು ಕೂಡಿಟ್ಟ ದುಡ್ಡಿನಲ್ಲಿ ಬಟ್ಟೆ ಕೊಳ್ಳಬೇಕೆಂದಿದ್ದ ಸರೋಜಿನಿ ನಗರದ ಮಾರ್ಕೆಟ್ಟಿಗೂ ಸೋಮವಾರವೇ ವಾರದ ರಜೆ. ಇಷ್ಟು ಚೊಕ್ಕವಾಗಿ ಮುಚ್ಚಿದ ಬಾಗಿಲುಗಳನ್ನು ಒಂದೇ ದಿನಕ್ಕೆ ಜೋಡಿಸುವುದು ಸಾಮಾನ್ಯರ ಕೈಯಲ್ಲಾಗುವ ಕೆಲಸವಲ್ಲ. ನೆರೆಮನೆಯವರು ತಮ್ಮ ಹೆಸರು ತೆಗೆದದ್ದು ಇದೇ ಗಳಿಗೆಯಲ್ಲಿ.

ಸೋದರಮಾವನ ಬಗ್ಗೆ ಒಂದೆರಡು ಮಾತು. ಪ್ರತಿ ಸುಲ್ತಾನನಿಗೂ ಒಬ್ಬ ಬತೂತಾ ಬೇಕಾಗುತ್ತಾನಲ್ಲ, ಈ ಮನೆಗೆ ಇವರು. 1985ರಲ್ಲಿ ದೆಹಲಿಗೆ ಹೋದವರು, ಕುತುಬ್ ಮಿನಾರಿನ 379 ಮೆಟ್ಟಿಲನ್ನೂ ಹತ್ತಿ ಮೇಲಿಂದ ಕೆಂಪುಕೋಟೆಗೆ ಕೈ ಬೀಸಿದವರು. ಕಷ್ಟವೇನೆಂದರೆ, 1981ರ ಡಿಸೆಂಬರಿನಲ್ಲಿ ಮಿನಾರಿನೊಳಗೆ ದೀಪ ಆರಿ, ಕಾಲ್ತುಳಿತವಾಗಿ, ನಲವತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಶಾಲಾ ಮಕ್ಕಳು. ಅಂದಿನಿಂದ ಮೆಟ್ಟಿಲ ಬಾಗಿಲು ಸಾರ್ವಜನಿಕರಿಗೆ ಮುಚ್ಚಿದೆ. ಮಗ ಇದನ್ನು ಮೊಬೈಲಿನಲ್ಲಿ ತೋರಿಸಿದ. ಮಾವ, “ಆವಾಗ ಗುರ್ತಿನವರು ಇದ್ದರು” ಎಂದರು.

ಗುರ್ತಿನವರು ಈಗಲೂ ಇದ್ದಾರಂತೆ. ಖೋಟಾ ಗುರ್ತಿನವರಂತೂ ಇದ್ದೇ ಇದ್ದಾರೆ. ಬೆಳ್ಳಿಯ ಬದಲು ತಾವು ತಾಮ್ರದ ನಾಣ್ಯ ಚಲಾಯಿಸಿದ ಕಾಲದಲ್ಲಿ ದೆಹಲಿಯ ಮನೆಮನೆಯೂ ಟಂಕಸಾಲೆಯಾಯಿತೆಂದು ಆಗಿನ ಇತಿಹಾಸಕಾರ ಬರನಿ ಬರೆದ. ಈಗ ಹೊಸದಿಲ್ಲಿ ಸ್ಟೇಷನ್ನಿನಿಂದ ಹೊರಬಿದ್ದರೆ ಪಹಾಡ್‌ಗಂಜ್ ಕಡೆ ಸಾಲುಸಾಲಾಗಿ ‘ಸರ್ಕಾರಿ ಮಾನ್ಯತೆಯ’ ಪ್ರವಾಸಿ ಕಚೇರಿಗಳು. ನಿಮ್ಮ ಲಾಡ್ಜು ಮುಚ್ಚಿದೆ, ಆ ರಸ್ತೆ ಬಂದಾಗಿದೆ, ಬನ್ನಿ ಒಳಗೆ ಎಂದು ಕೈಹಿಡಿದು ಕರೆಯುವವರು. ನಾಣ್ಯ ಖೋಟಾ ಎಂದು ತಿಳಿದಾಗ ತಾವು ಖಜಾನೆಯಿಂದ ಬೆಳ್ಳಿ, ಬಂಗಾರ ಕೊಟ್ಟು ವಾಪಸು ಪಡೆದಿರಿ. ಪಹಾಡ್‌ಗಂಜಿನಲ್ಲಿ ಆ ಸಂಪ್ರದಾಯ ಉಳಿದಿಲ್ಲ.

ಊಟದ ವಿಷಯದಲ್ಲಿ ಮಾತ್ರ ಪ್ಲ್ಯಾನು ಗಟ್ಟಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಜ್ಜಿಯ ಕೈಯಿಂದ.

ಕೊನೆಗೆ ಶೀಟನ್ನು ತಿದ್ದಿದ್ದು ಯಜಮಾನರ ಹೆಂಡತಿ. ಆಗ್ರಾ ಅಳಿಸಿದರು. ಡಿಸೆಂಬರಿನ ಮಂಜಿನಲ್ಲಿ ಉತ್ತರದ ರೈಲುಗಳು ಗಂಟೆಗಟ್ಟಲೆ ತಡವಾಗುವುದುಂಟು, ಆದ್ದರಿಂದ ಶುಕ್ರವಾರ ಪೂರ್ತಿ ಖಾಲಿ. ಶನಿವಾರ ಕೆಂಪುಕೋಟೆ, ಅದರ ಸುತ್ತಲಿನ ಹಳೆ ದೆಹಲಿ, ಅಷ್ಟೇ. ಹೋಗಲು ಮೆಟ್ರೊ, ಮಗನಿಗೆ ಅದೇ ಒಂದು ರೈಲು ಮ್ಯೂಸಿಯಂ. ಭಾನುವಾರ ಬೆಳಿಗ್ಗೆ ಹುಮಾಯೂನನ ಗೋರಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಹದಿನೈದರೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ. ಮಧ್ಯಾಹ್ನ ಸರೋಜಿನಿ ನಗರ. ಸೋಮವಾರ ತೆರೆದಿರುವ ಜಾಗ ಯಾವುದೆಂದು ಹುಡುಕಿದಾಗ ತಮ್ಮ ತಂದೆ ಘಿಯಾಸುದ್ದೀನರ ತುಘಲಕಾಬಾದ್ ಕೋಟೆ ಸಿಕ್ಕಿತು. 1321ರಲ್ಲಿ ಶುರುಮಾಡಿ ಕೆಲವೇ ವರ್ಷಗಳಲ್ಲಿ ಪಾಳುಬಿದ್ದ ಊರು, ಯಾವ ಟೂರಿನವರ ಪಟ್ಟಿಯಲ್ಲೂ ಸಾಮಾನ್ಯವಾಗಿ ಇರದ್ದು. ಎದುರಿನ ಗೋರಿಯಲ್ಲಿ ಅವರ ಪಕ್ಕ ತಾವೂ ಮಲಗಿದ್ದೀರೆಂದು ನಂಬಿಕೆ. ಅಜ್ಜಿ ಕೋಟೆ ಹತ್ತುವುದಿಲ್ಲ, ಗೋರಿಯ ಕಡೆಯ ನೆರಳಲ್ಲಿ ಕೂರುತ್ತಾರೆ.

ಸಾಹೇಬರಲ್ಲಿ ವಿನಂತಿ ಇಷ್ಟೇ. ಆ ಕೋಟೆಯ ಕಡೆ ಕೋತಿಗಳು ವಿಪರೀತ. ರೊಟ್ಟಿಯ ಗಂಟು ಅಜ್ಜಿಯ ಹತ್ತಿರವೇ ಇರುತ್ತದೆ. ಸಂಜೆ ವಾಪಸು ರೈಲು ಹಿಡಿಯುವವರೆಗೆ, ಮತ್ತೆ ಮಾರನೆಯ ದಿನಕ್ಕೂ, ಆರು ಜನರ ಊಟ ಅದರಲ್ಲಿದೆ. ಸೋಮವಾರ ಹನ್ನೊಂದರಿಂದ ಒಂದರವರೆಗೆ ತಾವು ದಯಮಾಡಿ ಅತ್ತ ಒಂದು ಕಣ್ಣಿಡಬೇಕು.

ಇಂತಿ,
‘ದಿಲ್ಲಿ ಚಲೋ’ ಗುಂಪಿನ ಪರವಾಗಿ,
ಕಲಬುರಗಿಯ ಒಬ್ಬ ನೆರೆಮನೆಯವರು