ಮುಡಿಗೂ ಅಲ್ಲ, ಮಡಿಗೂ ಅಲ್ಲ

ನಮ್ಮಲ್ಲಿ ಯಾವುದೇ ಗಿಡ ಕಾಂಪೌಂಡಿನೊಳಗೆ ಕಾಲಿಡಬೇಕಾದರೂ ಮನೆಯಾಕೆಯ ಮುಂದೆ ನಿಂತು ಉತ್ತರ ಕೊಡಬೇಕು. ದೇವರ ತಲೆಗೇರುತ್ತೀಯಾ? ನನ್ನ ಮುಡಿಗೆ ಬರುತ್ತೀಯಾ? ಹೋಗಲಿ, ಒಗ್ಗರಣೆಗಾದರೂ ಬೀಳುತ್ತೀಯಾ? ದಾಸವಾಳ ಮೊದಲನೆಯದರಲ್ಲೇ ಪಾಸು. ಮಲ್ಲಿಗೆಗೆ ಫಸ್ಟ್ ಕ್ಲಾಸು. ಕರಿಬೇವಿಗೆ ಪರೀಕ್ಷೆಯೇ ಇಲ್ಲ, ನೇರ ಪ್ರವೇಶ. ಬಾಟಲ್ ಬ್ರಶ್ ಮಾತ್ರ ಎಲ್ಲದರಲ್ಲೂ ಡುಮ್ಕಿ. ಆದರೂ ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ ಬನ್ನಿ. ಯಾವುದಾದರೂ ಗೇಟಿನ ಪಕ್ಕ ಕೆಂಪು ಬ್ರಶ್ಶುಗಳನ್ನು ಇಳಿಬಿಟ್ಟುಕೊಂಡು ಅದು ನಿಂತೇ ಇರುತ್ತದೆ. ಒಳಗೆ ಬಿಟ್ಟವರು ಯಾರು? ಇನ್ಯಾರು, ಕರಿಬೇವಿನ ಸಸಿ ತರುತ್ತೇನೆಂದು ನರ್ಸರಿಗೆ ಹೋದ ಯಜಮಾನರು.

ಮನೆತನ ವಿಚಾರಿಸಿದರೆ ಮಾತ್ರ ಯಾರೂ ಬೆರಳೆತ್ತುವ ಹಾಗಿಲ್ಲ. ಸೀಬೆ, ನೇರಳೆ, ಲವಂಗ ಎಲ್ಲ ಇದರ ದಾಯಾದಿಗಳು, ಮಿರ್ಟೇಸಿ ಕುಟುಂಬದವರು. ನೀಲಗಿರಿಯೂ ಅದೇ ಕುಲ. ನೀರು ಹೀರುತ್ತದೆಂದು ಅದನ್ನು ಎಷ್ಟು ಬೈದರೂ ನೆಗಡಿ ಬಂದಾಗ ಅದರ ಎಣ್ಣೆಯನ್ನೇ ಹುಡುಕುತ್ತೇವಲ್ಲ. ಅಣ್ಣಂದಿರೆಲ್ಲ ದುಡಿಯುವ ಮನೆಯಲ್ಲಿ ತಲೆ ಬಾಚಿಕೊಂಡು ಗೇಟಿಗೊರಗಿ ನಿಲ್ಲುವ ಕಿರಿಮಗ ಇದು. ಕಾಯಿ ಬಿಡುವುದಿಲ್ಲವೇ? ಬಿಡುತ್ತದೆ, ಕೊಂಬೆಗೆ ಒತ್ತಾಗಿ ಅಂಟಿಕೊಂಡ ಮರದಂಥ ಗುಂಡಿಗಳನ್ನು. ಅವು ವರ್ಷಗಟ್ಟಲೆ ಉದುರುವುದಿಲ್ಲ, ಬಾಯಿಯನ್ನೂ ಬಿಡುವುದಿಲ್ಲ. ತವರಾದ ಆಸ್ಟ್ರೇಲಿಯದಲ್ಲಿ ಕಾಡ್ಗಿಚ್ಚು ಹಾದುಹೋದ ಮೇಲೆ ಒಡೆದು, ಬೂದಿಯ ಮೇಲೆ ದೂಳಿನಂಥ ಬೀಜ ಸುರಿಯುತ್ತವಂತೆ. ಸೀಬೆಹಣ್ಣಿಗೆ ಇಷ್ಟು ರಾದ್ಧಾಂತ ಬೇಕೇ?

ಜೋಸೆಫ್ ಬ್ಯಾಂಕ್ಸ್ ಎಂಬ ಇಂಗ್ಲಿಷ್ ಸಸ್ಯಪ್ರೇಮಿ 1770ರಲ್ಲಿ ಕ್ಯಾಪ್ಟನ್ ಕುಕ್ ಜೊತೆ ಹಡಗಿನಲ್ಲಿ ಆಸ್ಟ್ರೇಲಿಯದ ಪೂರ್ವ ತೀರಕ್ಕೆ ಹೋಗಿದ್ದ. ಈ ಗಿಡ 1789ರಲ್ಲಿ ಇಂಗ್ಲೆಂಡ್ ತಲುಪಿದ್ದು ಅವನ ಮೂಲಕವೇ. ಅಲ್ಲಿಂದ ಅದು ಜಗತ್ತಿನ ತೋಟಗಳನ್ನೆಲ್ಲ ಸುತ್ತಿತು. ಕ್ಯಾಲಿಸ್ಟೆಮನ್ ಎಂದು ಕರೆಯುತ್ತಿದ್ದ ಶಾಸ್ತ್ರಜ್ಞರಲ್ಲಿ ಕೆಲವರು ಈಗ ಇಲ್ಲ, ಇದು ಮೆಲಲೂಕ ಎನ್ನುತ್ತಾರೆ. ಆ ಜಗಳ ಅವರಿಗೇ ಇರಲಿ.

ಹೂವನ್ನು ಮಾತ್ರ ಹತ್ತಿರ ನಿಂತು ನೋಡಬೇಕು. ನಾವು ಹೂವೆನ್ನುವ ಒಂದೊಂದು ಬ್ರಶ್ಶೂ ಹತ್ತಾರು ಪುಟ್ಟ ಹೂಗಳ ಗೊಂಚಲು. ಎಸಳುಗಳು ಇದ್ದೂ ಇಲ್ಲದಷ್ಟು ಚಿಕ್ಕವು. ಆ ಕೆಂಪೆಲ್ಲ ಕೇಸರಗಳದ್ದು, ತುದಿಗೆ ಹಳದಿ ಪರಾಗದ ಚುಕ್ಕೆ. ಇನ್ನೊಂದು ತಮಾಷೆಯೆಂದರೆ ಕೊಂಬೆ ಹೂವಿಗೇ ಮುಗಿಯುವುದಿಲ್ಲ; ಬ್ರಶ್ಶನ್ನು ತೂರಿಕೊಂಡು ಮುಂದೆ ಚಿಗುರುತ್ತದೆ. ಒಳಗೆ ಮಕರಂದ ಧಾರಾಳ. ಬೆಳಗಾದರೆ ಜೇನ್ನೊಣಗಳ ಸಂತೆ, ತಲೆಕೆಳಗಾಗಿ ತೂಗುವ ಸೂರಕ್ಕಿಗಳ ಸರ್ಕಸ್ಸು. ಇದನ್ನು ನೋಡುತ್ತ ಯಜಮಾನರು ಕುರ್ಚಿಯಲ್ಲಿ ಕೂತರೆಂದರೆ ಕಾಫಿ ಅಲ್ಲಿಗೇ ಬರಬೇಕು. ಮಧ್ಯಾಹ್ನದ ಹೊತ್ತಿಗೆ ಅಂಗಳದ ತುಂಬ ಕೆಂಪು ನೂಲು. ಗುಡಿಸುವಾಗ ಮಾತ್ರ ಯಜಮಾನರು ಪತ್ತೆಯಿಲ್ಲ.

ಆರೈಕೆ ಹೆಚ್ಚೇನಿಲ್ಲ. ಬಿಸಿಲು ಬೇಕು, ಅದರಲ್ಲಿ ರಾಜಿಯಿಲ್ಲ; ನೆರಳಿನಲ್ಲಿ ನೆಟ್ಟರೆ ಎಲೆಯೇ ಹಬ್ಬ. ಬೇರೂರಿದ ಮೇಲೆ ನೀರಿಗಾಗಿ ಅಳುವ ಜಾತಿಯಲ್ಲ. ಸುಣ್ಣದಂಶ ಹೆಚ್ಚಿರುವ ಮಣ್ಣು, ಬೋರ್‌ವೆಲ್ಲಿನ ಗಡಸು ನೀರು ಎರಡೂ ಸೇರಿದರೆ ಕಬ್ಬಿಣದಂಶ ಎಟುಕದೆ ಎಳೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು. ಫ್ಲ್ಯಾಟಿನವರು ಮುಖ ಸಣ್ಣದು ಮಾಡಬೇಕಿಲ್ಲ: ಲಿಟ್ಲ್ ಜಾನ್ ಎಂಬ ಗಿಡ್ಡ ತಳಿ ಕುಂಡದಲ್ಲೇ ಸಂಸಾರ ಮಾಡುತ್ತದೆ. ಇರುವ ರಗಳೆಯೆಲ್ಲ ಕತ್ತರಿಯದು. ಹೂ ಬಾಡುತ್ತಿದ್ದಂತೆ ಅದರ ಹಿಂದಕ್ಕೆ ಸರಿಯಾಗಿ ಕತ್ತರಿಸಬೇಕು. ಗಿಡ ಒತ್ತಾಗಿ ಚಿಗುರುತ್ತದೆ. ನಮ್ಮವರಿಗೆ ಆಗ ಕರುಳು ಚುರುಕ್ ಎನ್ನುತ್ತದೆ, ಪಾಪ, ಇರಲಿ ಬಿಡಿ ಎನ್ನುತ್ತಾರೆ. ಮೊಗ್ಗು ಕಟ್ಟುವ ಕಾಲಕ್ಕೆ ಎಲ್ಲಿಲ್ಲದ ಶಿಸ್ತು ಮೈಮೇಲೆ ಬಂದು ತುದಿಗಳನ್ನೆಲ್ಲ ಕಚಕಚ ಕತ್ತರಿಸಿ, ಈ ಸಲ ಯಾಕೋ ಹೂವೇ ಇಲ್ಲ ಎಂದು ಗೊಬ್ಬರದ ಅಂಗಡಿಗೆ ಓಡುತ್ತಾರೆ.

ಕೆಲಸಗೇಡಿ ಎಂದು ಬೈಸಿಕೊಂಡ ಈ ಕಿರಿಮಗನೂ ಒಮ್ಮೆ ದುಡಿದದ್ದುಂಟು. 1977ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಯೊಬ್ಬರು ಬಾಟಲ್ ಬ್ರಶ್ಶಿನ ಬುಡದಲ್ಲಿ ಕಳೆ ಅಷ್ಟಾಗಿ ಬೆಳೆಯದ್ದನ್ನು ಗಮನಿಸಿದರು. ಅಲ್ಲಿಯ ಮಣ್ಣು ತಂದು ಶೋಧಿಸಿದಾಗ ಸಿಕ್ಕಿದ್ದು ಲೆಪ್ಟೋಸ್ಪರ್ಮೋನ್ ಎಂಬ ವಸ್ತು. ಅದು ಕಳೆಯ ಎಲೆಗಳನ್ನು ಬಿಳಿಚಿಸಿ ಕೊಲ್ಲುತ್ತದೆ, ಆದರೆ ಕೈ ಬಲ ಸಾಲದು. ಅದೇ ಜಾಡು ಹಿಡಿದು ಇನ್ನೂ ಗಟ್ಟಿಯಾದ ಮೆಸೊಟ್ರಿಯೋನ್ ತಯಾರಾಗಿ, ಕಳೆನಾಶಕವಾಗಿ ಮೆಕ್ಕೆಜೋಳದ ಹೊಲಗಳಿಗೆ ಇಳಿಯಿತು.

ಈ ಸಂಗತಿ ಯಜಮಾನರ ಕಿವಿಗೆ ಬಿದ್ದದ್ದೇ ತಡ, ಬುಡ ಕೆದಕುವ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಕಳೆಯನ್ನು ಗಿಡವೇ ನೋಡಿಕೊಳ್ಳುತ್ತದೆ, ವಿಜ್ಞಾನವೇ ಹೇಳಿದೆ ಎಂದು ಪೇಪರು ಬಿಡಿಸಿ ಕೂತರು. ಮೊದಲ ಮಳೆಗೆ ಗಿಡದ ಸುತ್ತ ಪಾರ್ಥೇನಿಯಂ ಮೊಣಕಾಲೆತ್ತರ ಎದ್ದಿತು. ಅದು ವಿಜ್ಞಾನ ಓದಿರಲಿಲ್ಲ. ಅವರಾಕೆ ಮಾತಾಡಲಿಲ್ಲ, ಪೇಪರಿನ ಮೇಲೆ ಕುಡುಗೋಲು ತಂದಿಟ್ಟರು.